ಕರಿ ಕುದುರೆ ಬಿಸಿಲಿಗೆ ಕೆಂಪಾಗುತ್ತಿದೆ, ತಡೆಯೋದು ಹೇಗೆ?

ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳದ ಹತ್ತಿರ ತೋಟದ ಮನೆ. ನಾಯಿಗೆ ಹೆಸರಾದ ಊರಲ್ಲಿ ನಮ್ಮಪ್ಪನಿಗೆ ಕುದುರೆ ಹುಚ್ಚು. ಕಳೆದ ಡಿಸೆಂಬರ್‌ನಲ್ಲಿ, ದತ್ತ ಜಯಂತಿ ಹೊತ್ತಿಗೆ, ಮಹಾರಾಷ್ಟ್ರದ ಸಾರಂಗಖೇಡ ಜಾತ್ರೆಯಿಂದ ಒಂದು ಮಾರ್ವಾಡಿ ಹೆಣ್ಣು ಕುದುರೆ ತಂದೆವು. ಐದು ವರ್ಷದ್ದು, ಹೆಸರು ಕಸ್ತೂರಿ. ತಂದಾಗ ಕಾಡಿಗೆ ಕಪ್ಪು. ಶಿವರಾತ್ರಿ ಸುತ್ತ ಹಳೆ ಕೂದಲು ಉದುರಿ ಹೊಸದು ಬಂತು, ಅದೂ ಕಪ್ಪೇ.

ಈಗ ಮೇ ಕೊನೆ. ಬೆನ್ನು, ಪಕ್ಕೆ, ಅಯಾಲಿನ ತುದಿ ಎಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಊರವರು "ಕರಿ ಕುದುರೆ ಅಂತ ಕೆಂಪು ಕುದುರೆ ತಂದಿರಲ್ಲ" ಅಂತ ಅಪ್ಪನನ್ನು ಛೇಡಿಸುತ್ತಾರೆ. ಬೆಳಿಗ್ಗೆ ಅಪ್ಪ ಸವಾರಿ ಮಾಡುತ್ತಾರೆ, ಆಮೇಲೆ ಅಂಗಳದ ಬೇವಿನ ಮರಕ್ಕೆ ಕಟ್ಟುತ್ತೇವೆ. ತಿನ್ನೋದು ಜೋಳದ ಕಣಿಕೆ, ಕಬ್ಬಿನ ಸೋಗೆ, ಗೋಧಿ ಬೂಸಾ, ನೆನೆಸಿದ ಕಡಲೆ. ಬಣ್ಣ ಉಳಿಸೋಕೆ ಏನಾದರೂ ದಾರಿ ಇದೆಯಾ?

ಲಾಯದ ಮೇಸ್ತ್ರಿ

ಬೆಂಗಳೂರಿನ ಹೊರಗೆ ಒಂದು ಸವಾರಿ ಶಾಲೆಯ ಲಾಯ ನೋಡಿಕೊಳ್ಳುತ್ತೇನೆ. ನಮ್ಮಲ್ಲೂ ಕಪ್ಪು, ಕಡು ಕಂದು ಕುದುರೆಗಳಿವೆ. ಮದ್ದು ಹೇಳುವ ಮೊದಲು ಒಂದು ಪರೀಕ್ಷೆ. ಕುದುರೆಯನ್ನು ಬೆಳಕಿಗೆ ನಿಲ್ಲಿಸಿ, ಕೆಂಪಾಗಿರುವ ಕಡೆ ಕೂದಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಿಡಿಸಿ ಬುಡ ನೋಡಿ. ಬುಡ ಕಪ್ಪು, ತುದಿ ಕೆಂಪು ಅಂದರೆ ಹೊರಗಿನ ಕೆಲಸ: ಬಿಸಿಲು, ಬೆವರು. ಬುಡದಿಂದಲೇ ಕೆಂಪು ಅಂದರೆ ಒಳಗಿನ ಕೆಲಸ: ಒಂದೋ ಮೇವಿನ ಕೊರತೆ, ಇಲ್ಲಾ ಅದು ಹುಟ್ಟಿನಿಂದಲೇ ಕಡು ಕಂದು, ಕರಿ ಅಲ್ಲ.

ಹಾಗೇ ಬಿಸಿಲು ಬೀಳದ ಜಾಗ ನೋಡಿ. ಹೊಟ್ಟೆಯ ಕೆಳಗೆ, ತೊಡೆ ಸಂದಿ, ಮುಂಗಾಲಿನ ಒಳಬದಿ. ಅಲ್ಲಿ ಏನು ಬಣ್ಣ ಅಂತ ಬರೆಯಿರಿ, ಮುಂದೆ ಮಾತಾಡೋಣ.

ಎಣ್ಣೆ ಗಾಣ

ಇಷ್ಟೆಲ್ಲ ಯಾಕೆ? ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಉಜ್ಜಿ ಬಿಡಿ. ಮಿಂಚುತ್ತದೆ.

ಲಾಯದ ಮೇಸ್ತ್ರಿ

ಮಿಂಚುತ್ತದೆ, ಒಪ್ಪಿದೆ. ಮೆರವಣಿಗೆಗೆ ಮುಂಚೆ ಒಂದು ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಎಣ್ಣೆ ಬಿಸಿಲು ತಡೆಯೋದಿಲ್ಲ. ಮೇಲಿಂದ ಧೂಳು ಮೆತ್ತುತ್ತದೆ, ಬೆವರು ಆರೋದಕ್ಕೂ ಅಡ್ಡಿ. 40 ಡಿಗ್ರಿಯಲ್ಲಿ ಕುದುರೆ ತನ್ನ ಮೈ ತಂಪು ಮಾಡಿಕೊಳ್ಳೋದೇ ಬೆವರಿನಿಂದ. ಮೈಗೆಲ್ಲ ಎಣ್ಣೆ ಬಳಿದು ಬಿಸಿಲಲ್ಲಿ ಕಟ್ಟೋದು ಬೇಡವೇ ಬೇಡ.

ಹೊಳಪು ಬೇಕಾ? ದಿನಾ ಖರಾರ (ಮೈ ಉಜ್ಜುವ ಹಲ್ಲಿನ ಬ್ರಷ್) ಹೊಡೆದು, ಆಮೇಲೆ ಮೆತ್ತನೆ ಬ್ರಷ್ ಎಳೆಯಿರಿ. ಚರ್ಮದಲ್ಲೇ ಇರುವ ಜಿಡ್ಡು ಕೂದಲಿನ ತುದಿ ತನಕ ಹರಡುತ್ತದೆ. ಮತ್ತೆ ಮತ್ತೆ ಶಾಂಪೂ ಹಾಕಿದರೆ ಆ ಜಿಡ್ಡೂ ಹೋಗುತ್ತದೆ.

ಘಟಪ್ರಭಾ ದಂಡೆ

ನೋಡಿದೆ ಸರ್. ಬೆನ್ನ ಮೇಲೆ ಬುಡ ಕಪ್ಪು, ಮೇಲಿನ ಅರ್ಧ ಕೆಂಪು. ಜೀನು ಕೂರುವ ಜಾಗದ ಅಂಚಲ್ಲಿ ಗೆರೆ ಎಳೆದ ಹಾಗೆ ಜಾಸ್ತಿ ಕೆಂಪು. ಪಟ್ಟಿ ಬಿಗಿಯುವಲ್ಲಿ, ಎದೆಯ ಕೆಳಗೂ ಒಂದು ಕೆಂಪು ಪಟ್ಟೆ. ತೊಡೆ ಸಂದಿ ಕಪ್ಪೇ ಇದೆ, ಆದರೆ ಹೊಟ್ಟೆ ಕೆಳಗೆ ಬುಡದಿಂದಲೇ ಸ್ವಲ್ಪ ಮಾಸಲು ಕಂದು ಅನಿಸಿತು. ಮೂತಿ ಪೂರ್ತಿ ಕಪ್ಪು.

ಲಾಯದ ಮೇಸ್ತ್ರಿ

ಚೆನ್ನಾಗಿ ನೋಡಿದ್ದೀರಿ. ಜೀನಿನ ಅಂಚು, ಎದೆ ಪಟ್ಟಿಯ ಜಾಗ, ಇವು ಬೆವರಿನ ಗುರುತು. ಎದೆಯ ಕೆಳಗೆ ಬಿಸಿಲು ಎಲ್ಲಿ ಬೀಳುತ್ತದೆ ಹೇಳಿ?

ಕುದುರೆ ಬೆವರು ನಮ್ಮ ಬೆವರಿಗಿಂತ ಬಹಳ ಉಪ್ಪು. ಜೊತೆಗೆ ಅದರಲ್ಲಿ ಲ್ಯಾಥೆರಿನ್ ಅನ್ನುವ ಪ್ರೋಟೀನ್ ಇದೆ. ಓಡಿಸಿದಾಗ ಕುತ್ತಿಗೆ ಮೇಲೆ, ತೊಡೆ ನಡುವೆ ಬಿಳಿ ನೊರೆ ಬರುತ್ತಲ್ವಾ, ಅದು ಇದರಿಂದಲೇ. ಆ ಬೆವರು ಮೈಮೇಲೆ ಒಣಗಿ, ಅದರ ಮೇಲೆ ಬಿಸಿಲು ಬಿದ್ದರೆ ಬಣ್ಣ ಇನ್ನೂ ಬೇಗ ಹೋಗುತ್ತದೆ. ಸವಾರಿ ಮುಗಿಸಿ, ಜೀನು ತೆಗೆದು, ಸೀದಾ ಅಂಗಳದಲ್ಲಿ ಕಟ್ಟೋದು ನಮ್ಮ ಕಡೆ ಎಲ್ಲರ ಅಭ್ಯಾಸ. ಬಣ್ಣ ಹೋಗೋದು ಅಲ್ಲೇ.

ಮಾಡಬೇಕಾದ್ದು ಇಷ್ಟೇ. ಇಳಿದ ಮೇಲೆ ಸ್ವಲ್ಪ ನಡೆಸಿ, ಉಸಿರು ಇಳಿಯಲಿ. ಆಮೇಲೆ ಬರೀ ನೀರು. ಸೋಪು, ಶಾಂಪೂ ಬೇಡ. ಜೀನಿನ ಜಾಗ, ಕಿವಿ ಹಿಂದೆ, ಎದೆ, ತೊಡೆ ನಡುವೆ ನೀರು ಸ್ಪಷ್ಟವಾಗಿ ಇಳಿಯುವ ತನಕ ತೊಳೆಯಿರಿ. ಕೈಯಲ್ಲಿ ಸವರಿದರೆ ಜಿಗುಟು ಇರಬಾರದು. ನೀರನ್ನು ಬಳಿದು ತೆಗೆದು, ನೆರಳಲ್ಲಿ ಒಣಗಿಸಿ. ಒದ್ದೆ ಮೈಯನ್ನು ಬಿಸಿಲಲ್ಲಿ ಒಣಗಲು ಬಿಡಬೇಡಿ. ಜೀನಿನ ಕೆಳಗಿನ ಗಾದಿಯನ್ನೂ ತೊಳೆಯಿರಿ, ಅದರಲ್ಲಿ ನಿನ್ನೆಯ ಉಪ್ಪು ಇರುತ್ತದೆ.

ಬೆಳ್ಳಿ ಬಾಲ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕುದುರೆಯೂ ಮರಿಯಿದ್ದಾಗ ಕಪ್ಪಿತ್ತು. ಈಗ ಮೂರು ವರ್ಷ, ಮುಖದ ಮೇಲೆಲ್ಲ ಬಿಳಿ ಕೂದಲು ಬರುತ್ತಿದೆ. ಇದೂ ಬಿಸಿಲಾ?

ಧಾರವಾಡದ ಡಾಕ್ಟ್ರಮ್ಮ

ಅಲ್ಲ. ಬಿಸಿಲಿಗೆ ಕಪ್ಪು ಕೂದಲು ಕೆಂಪಾಗುತ್ತದೆ, ಬಿಳಿಯಾಗೋದಿಲ್ಲ. ಕಣ್ಣಿನ ಸುತ್ತ, ಮುಖದ ಮೇಲೆ ಬಿಳಿ ಕೂದಲು ಶುರುವಾದರೆ ಅದು ನರೆಯುವ ವಂಶವಾಹಿ ಇರುವ ಕುದುರೆ. ಇಂಥವು ಕಪ್ಪೋ ಕಂದೋ ಆಗಿ ಹುಟ್ಟಿ, ವರ್ಷ ವರ್ಷಕ್ಕೆ ಬೂದಾಗಿ, ಕೊನೆಗೆ ಬೆಳ್ಳಗಾಗುತ್ತವೆ. ಅದಕ್ಕೆ ಯಾವ ಹೊದಿಕೆಯೂ ಇಲ್ಲ, ಮೇವೂ ಇಲ್ಲ. ದುಡ್ಡು ಖರ್ಚು ಮಾಡಬೇಡಿ. ವಯಸ್ಸಾದ ಮೇಲೆ ಬಾಲದ ಕೆಳಗೆ ಗಂಟು ಕಂಡರೆ ಮಾತ್ರ ತೋರಿಸಿ. ನರೆತ ಕುದುರೆಗಳಲ್ಲಿ ಮೆಲನೋಮಾ ಅನ್ನುವ ಗಡ್ಡೆ ಜಾಸ್ತಿ.

ಇನ್ನು ಕಸ್ತೂರಿಯ ವಿಷಯ. ಹೊಟ್ಟೆ ಕೆಳಗೆ ಬುಡದಿಂದಲೇ ಮಾಸಲು ಅಂದಿರಲ್ಲ, ನನ್ನ ಕಣ್ಣು ನಿಂತಿದ್ದು ಅಲ್ಲಿ. ಕೂದಲಿನ ಕಪ್ಪು ಬಣ್ಣಕ್ಕೆ ಯೂಮೆಲನಿನ್ ಅಂತ ಹೆಸರು. ಅದನ್ನು ತಯಾರಿಸುವುದು ಟೈರೋಸಿನೇಸ್ ಅನ್ನುವ ಕಿಣ್ವ. ಆ ಕಿಣ್ವ ಕೆಲಸ ಮಾಡಬೇಕಾದರೆ ತಾಮ್ರ ಬೇಕು. ಕಚ್ಚಾ ಮಾಲು ಟೈರೋಸಿನ್, ಅದು ಮೇವಿನ ಪ್ರೋಟೀನ್‌ನಿಂದ ಬರಬೇಕು. ಕಪ್ಪು ಬೆಕ್ಕಿನ ಮರಿಗಳಿಗೆ ಟೈರೋಸಿನ್ ಕಡಿಮೆ ಇರುವ ಆಹಾರ ಕೊಟ್ಟಾಗ ಅವುಗಳ ಕೂದಲು ಕೆಂಪು ಕಂದಿಗೆ ತಿರುಗಿದ್ದನ್ನು ಸಂಶೋಧಕರು ತೋರಿಸಿದ್ದಾರೆ. ಕಿಣ್ವ ಸೊರಗಿದರೆ ಕೂದಲಿಗೆ ಸೇರುವ ಕಪ್ಪೇ ಕಡಿಮೆ. ಕಪ್ಪು ಕಡಿಮೆ ಇರುವ ಕೂದಲನ್ನು ಬಿಸಿಲು ಬೇಗ ತಿನ್ನುತ್ತದೆ.

ನಿಮ್ಮ ಮೇವು ನೋಡಿದರೆ ಹೊಟ್ಟೆ ತುಂಬುತ್ತದೆ, ಖನಿಜ ತುಂಬೋದಿಲ್ಲ. ಒಣ ಕಣಿಕೆಯಲ್ಲಿ ತಾಮ್ರ, ಜಿಂಕ್ ಎರಡೂ ಕಡಿಮೆ. ನಮ್ಮ ಎಷ್ಟೋ ಹೊಲಗಳ ಮಣ್ಣಲ್ಲೇ ಜಿಂಕ್ ಇಲ್ಲ ಅಂತ ಮೆಕ್ಕೆಜೋಳಕ್ಕೆ ಜಿಂಕ್ ಸಲ್ಫೇಟ್ ಹಾಕುತ್ತೇವಲ್ಲ, ಆ ಮಣ್ಣಿನ ಮೇವಿನಲ್ಲಿ ಇನ್ನೆಲ್ಲಿಂದ ಬರಬೇಕು? 500 ಕಿಲೋ ತೂಕದ ಕುದುರೆಗೆ, ಕೆಲಸ ಇಲ್ಲದಿದ್ದರೂ, ದಿನಕ್ಕೆ ಸುಮಾರು 100 ಮಿಲಿಗ್ರಾಂ ತಾಮ್ರ, 400 ಮಿಲಿಗ್ರಾಂ ಜಿಂಕ್ ಬೇಕು. ನಿಮ್ಮದು 400 ಕಿಲೋ ಇರಬಹುದು, ಆಗ 80 ಮತ್ತು 320. ಎರಡೂ ಒಟ್ಟಿಗೆ, ಹೆಚ್ಚು ಕಡಿಮೆ ಒಂದಕ್ಕೆ ನಾಲ್ಕರ ಲೆಕ್ಕದಲ್ಲಿ ಹೋಗಬೇಕು. ಒಂದನ್ನೇ ಸುರಿದರೆ ಇನ್ನೊಂದು ಮೈಗೆ ಹತ್ತೋದಿಲ್ಲ.

ಎಣ್ಣೆ ಗಾಣ

ತಾಮ್ರ ಅಂದ್ರೆ ಮೈಲುತುತ್ತ (ಕಾಪರ್ ಸಲ್ಫೇಟ್) ಅಲ್ವಾ ಡಾಕ್ಟ್ರೇ? ದ್ರಾಕ್ಷಿ ತೋಟಕ್ಕೆ ಹೊಡೆಯೋದು ಮನೇಲೇ ಇದೆ. ಒಂದು ಚಮಚ ಬೂಸಾದಲ್ಲಿ ಕಲಸಿದರೆ ಆಯ್ತಲ್ಲ.

ಧಾರವಾಡದ ಡಾಕ್ಟ್ರಮ್ಮ

ದಯವಿಟ್ಟು ಬೇಡ! ಮೈಲುತುತ್ತದಲ್ಲಿ ನಾಲ್ಕನೇ ಒಂದು ಭಾಗ ತಾಮ್ರ. ಒಂದು ಚಮಚ 5 ಗ್ರಾಂ ಅಂತ ಹಿಡಿದರೂ 1,250 ಮಿಲಿಗ್ರಾಂ ತಾಮ್ರ ಆಯ್ತು. ಬೇಕಾಗಿರೋದು 80. ಮೇಲಾಗಿ ಹರಳು ಹಾಗೇ ಹೊಟ್ಟೆಗೆ ಹೋದರೆ ಕರುಳು ಸುಡುತ್ತದೆ. ತೋಟದ ಸರಕಲ್ಲಿ ಬೇರೆ ಏನೇನು ಬೆರೆತಿದೆಯೋ ಯಾರಿಗೆ ಗೊತ್ತು. ಕುದುರೆಗೆಂದೇ ತಯಾರಿಸಿದ, ಚೀಟಿಯಲ್ಲಿ ತಾಮ್ರ, ಜಿಂಕ್ ಎಷ್ಟು ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುವ ಖನಿಜ ಮಿಶ್ರಣ ತನ್ನಿ.

ಇನ್ನೂ ಎರಡು ಎಚ್ಚರಿಕೆ. ಮನೆಯಲ್ಲಿ ಕುರಿ ಇದ್ದರೆ ಕುದುರೆಯ ಗೋದಲಿಗೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಕುದುರೆ ತಡೆದುಕೊಳ್ಳುವ ತಾಮ್ರ ಕುರಿಗೆ ವಿಷ. ಎರಡನೆಯದು, ದನದ, ಕೋಳಿಯ ಹಿಂಡಿ ಕುದುರೆಗೆ ಹಾಕುವ ಮುನ್ನ ಚೀಟಿ ಓದಿ. ಮೊನೆನ್ಸಿನ್ ಅನ್ನುವ ಔಷಧ ಬೆರೆತಿದ್ದರೆ ಅದರ ಹತ್ತಿರವೂ ಹೋಗಬೇಡಿ, ಕುದುರೆಯ ಹೃದಯ ಕೆಡಿಸಿ ಸಾಯಿಸುತ್ತದೆ.

ಕಬ್ಬಿಣದ ಟಾನಿಕ್ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೇವಿನಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ, ಬೇಡ.

ಘಟಪ್ರಭಾ ದಂಡೆ

ಮೇಡಂ, ನಮ್ಮಲ್ಲಿ ಕುರಿಗಳೂ ಇವೆ. ಹೇಳಿದ್ದು ಒಳ್ಳೆಯದಾಯಿತು. ಮನೆಯಲ್ಲೇ ಸಿಗುವ ಕಾಳುಕಡ್ಡಿಯಲ್ಲಿ ಏನು ಬದಲಿಸಬಹುದು?

ಧಾರವಾಡದ ಡಾಕ್ಟ್ರಮ್ಮ

ಬೂಸಾ ಅರ್ಧಕ್ಕೆ ಇಳಿಸಿ. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಮೂಳೆಯ ಸುಣ್ಣ ಹೋಗಿ ಮುಖ ಊದಿಕೊಳ್ಳುತ್ತದೆ. ಆ ಜಾಗಕ್ಕೆ ಕುದುರೆ ಮಸಾಲೆ ಸೊಪ್ಪು ಬೆಳೆಸಿ, ಲೂಸರ್ನ್ ಅಂತ ಬೀಜ ಸಿಗುತ್ತದೆ. ಸುಣ್ಣವೂ ಬಂತು, ಪ್ರೋಟೀನೂ ಬಂತು. ಒಮ್ಮೆಲೇ ರಾಶಿ ಹಾಕದೆ ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಕಡಲೆ ಜೊತೆ ಬೇಯಿಸಿದ ಹುರುಳಿ ಸೇರಿಸಿ.

ಅಗಸೆ ನಿಮ್ಮ ಕಡೆಯೇ ಬೆಳೆಯುತ್ತದೆ. ದಿನಕ್ಕೆ ಒಂದು ಹಿಡಿ, 100 ಗ್ರಾಂ ಒಳಗೆ, ಆಗಿಂದಾಗ ಪುಡಿ ಮಾಡಿ ಒಣದಾಗೇ ಹಾಕಿ. ಕೂದಲಿನ ಹೊಳಪಿಗೆ ಇಷ್ಟು ಒಳ್ಳೆಯದು, ಇಷ್ಟು ಅಗ್ಗದ್ದು ಬೇರೆ ಇಲ್ಲ. ತಣ್ಣೀರಲ್ಲಿ ನೆನೆಸಿ ಗಂಟೆಗಟ್ಟಲೆ ಇಡಬೇಡಿ, ಅದರಲ್ಲಿ ಸಯನೈಡ್ ಅಂಶ ಬಿಡುಗಡೆಯಾಗುತ್ತದೆ. ನೆನೆಸಲೇಬೇಕು ಅಂದರೆ ಚೆನ್ನಾಗಿ ಕುದಿಸಿ. ಎಳೆ ಹಸಿ ಜೋಳದ ದಂಟನ್ನೂ ಕುದುರೆಗೆ ಹಾಕಬೇಡಿ, ಅಲ್ಲೂ ಇದೇ ಅಪಾಯ.

ಮೇವಿನಲ್ಲಿ ನಿಜಕ್ಕೂ ಏನು ಕಡಿಮೆ ಅಂತ ತಿಳಿಯಬೇಕಾದರೆ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ಆಡುಗೋಡಿಯಲ್ಲಿ ಕೇಂದ್ರ ಸರ್ಕಾರದ ಪಶು ಪೋಷಣೆ ಸಂಸ್ಥೆ ಇದೆ, ಹೆಬ್ಬಾಳ, ಬೀದರ್‌ನಲ್ಲಿ ಪಶುವೈದ್ಯ ಕಾಲೇಜುಗಳಿವೆ. ವಿಚಾರಿಸಿ ನೋಡಿ.

ಪರ್ತ್ ಕನ್ನಡಿಗ

ಹೊರಗಿನ ಉಪಾಯ ನಾನು ಹೇಳುತ್ತೇನೆ. ಇರೋದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಇಲ್ಲಿ ಬೇಸಿಗೆಯಲ್ಲಿ ಯುವಿ ಸೂಚ್ಯಂಕ (ಬಿಸಿಲಿನ ನೇರಳಾತೀತ ಕಿರಣದ ಅಳತೆ) 12 ದಾಟೋದು ಮಾಮೂಲು. ಮಗಳ ಕುದುರೆ ಕಪ್ಪು. ಇಲ್ಲಿ ಕಪ್ಪು ಕುದುರೆ ಇರುವವರು ಮಾಡೋದು ಎರಡು: ಹಗಲು ಒಳಗೆ, ರಾತ್ರಿ ಹೊರಗೆ. ಹಗಲು ಹೊರಗೆ ಬಿಡಲೇಬೇಕಾದರೆ ತಿಳಿ ಬಣ್ಣದ ಬಲೆ ಹೊದಿಕೆ, ಕುತ್ತಿಗೆಗೂ ಬೇರೆ ಭಾಗ. ಹೊದಿಕೆ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ನೊಣ ತಡೆಯಲು ಮಾತ್ರ ಮಾಡಿದ ಬಲೆಯಲ್ಲಿ ಆಚೆಯ ಮರ ಎಲೆ ಸಮೇತ ಕಾಣುತ್ತದೆ, ಬಿಸಿಲೂ ಹಾಗೇ ಒಳಗೆ ಬರುತ್ತದೆ. ನೇಯ್ಗೆ ಒತ್ತಾಗಿರಬೇಕು.

ಕುದುರೆ ಮೈಗೆ ಸಿಂಪಡಿಸುವ ಸನ್‌ಸ್ಕ್ರೀನ್ ಕೂಡ ಸಿಗುತ್ತದೆ. ಅಯಾಲು, ಬಾಲಕ್ಕೆ ಪರವಾಗಿಲ್ಲ. ಇಡೀ ಮೈಗೆ ದಿನಾ ಹೊಡೆಯೋದು ಸುಮ್ನೆ ದುಡ್ಡಿನ ದಂಡ. ಅಂಥ ಎಷ್ಟೋ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ, ಜೀನಿನ ಜಾಗಕ್ಕೆ ತಾಗಿದರೆ ಜೀನು ಜಾರುತ್ತದೆ.

ಲಾಯದ ಮೇಸ್ತ್ರಿ

ರಾತ್ರಿ ಹೊರಗೆ ಅನ್ನೋದು ನೂರಕ್ಕೆ ನೂರು ಸರಿ. ಹೊದಿಕೆ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಪರ್ತ್‌ನ ಲಾಯದಲ್ಲಿ ದಿನಕ್ಕೆರಡು ಸಲ ಹೊದಿಕೆ ತೆಗೆದು ನೋಡುವ ಕೈ ಇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ತೆಗೆಯೋದು. ಮುಧೋಳದ ಮೇ ತಿಂಗಳಲ್ಲಿ ಅದರ ಕೆಳಗೆ ಕುದುರೆ ಬೆವರಿದರೆ, ಬಿಸಿಲು ತಪ್ಪಿಸಿ ಬೆವರಲ್ಲಿ ನೆನೆಸಿದ ಹಾಗಾಯ್ತು. ಹೆಗಲ ಎಲುಬಿನ ಮೇಲೆ ಉಜ್ಜಿ ಗಾಯ ಆಗೋದು ಬೇರೆ. ಮಳೆಗಾಲದಲ್ಲಿ ಒದ್ದೆ ಹೊದಿಕೆ ಬಿಟ್ಟರೆ ಚರ್ಮಕ್ಕೆ ಹುಳುಕು. ಬಣ್ಣಕ್ಕೋಸ್ಕರ ಪ್ರಾಣಿ ಬೇಯಬಾರದು.

ನಮ್ಮ ಬಯಲು ಸೀಮೆಗೆ ನೆರಳೇ ಸರಿ. ಮೇ ಮೊದಲ ವಾರ ನಿಮ್ಮ ಕಡೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಂಬದ ನೆರಳೂ ಬೀಳೋದಿಲ್ಲ. ಬೇವಿನ ಮರ ಒಳ್ಳೆಯದೇ, ಆದರೆ ಹಗ್ಗ ಕಟ್ಟಿದ ಜಾಗ ಅಲ್ಲೇ ಇರುತ್ತದೆ, ನೆರಳು ಸರಿದು ಹೋಗುತ್ತದೆ. ಹತ್ತರಿಂದ ನಾಲ್ಕರ ತನಕ ಒಂದೇ ಸಮ ನೆರಳು ಬೀಳುವ ಚಪ್ಪರ ಬೇಕು.

ತಾಂಗಾ ಸ್ಟ್ಯಾಂಡ್

ಮೈಸೂರಿಂದ. ನಮ್ಮ ತಾತ, ಅಪ್ಪ ತಾಂಗಾ ಓಡಿಸಿದವರು. ಕಪ್ಪು ಕುದುರೆ ಬೇಸಿಗೆಯಲ್ಲಿ ಕೆಂಪಾಗೋದು, ದಸರಾ ಹೊತ್ತಿಗೆ ಮತ್ತೆ ಕಪ್ಪಾಗೋದು ನೋಡಿಕೊಂಡೇ ಬೆಳೆದೆವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಾತ ನೋಡುತ್ತಿದ್ದದ್ದು ಲಾಳ, ಭುಜದ ಉಜ್ಜು ಗಾಯ, ಲದ್ದಿ. ಬಣ್ಣ ಮದುವೆಗೆ ಕರೆಯುವವರಿಗೆ ಬೇಕು, ಕುದುರೆಗೆ ಏನಾಗಬೇಕು?

ಘಟಪ್ರಭಾ ದಂಡೆ

ನೀವು ಹೇಳೋದೂ ಸರಿ ಅಣ್ಣ. ಆದರೆ ನಮ್ಮಪ್ಪನಿಗೂ ಬಣ್ಣ ಬೇಕು, ಏನು ಮಾಡೋದು! ಪಕ್ಕದ ಊರಿನವರು "ಕರಿ ಮೆಹಂದಿ ಹಚ್ಚಿ, ಜಾತ್ರೆ ಮುಗಿಯೋ ತನಕ ತಡೆಯುತ್ತದೆ" ಅಂತಿದ್ದಾರೆ.

ಧಾರವಾಡದ ಡಾಕ್ಟ್ರಮ್ಮ

ಕರಿ ಮೆಹಂದಿ ಅಂತ ಮಾರೋದರಲ್ಲಿ ಕಪ್ಪು ಬರೋದು ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕದಿಂದ. ಮನುಷ್ಯರ ಕೈಯಲ್ಲೇ ಬೊಬ್ಬೆ ಏಳಿಸುತ್ತದೆ. ಕುದುರೆಯ ಇಡೀ ಬೆನ್ನಿಗೆ ಹಚ್ಚಿ ಮೇಲೆ ಜೀನು ಬಿಗಿಯೋದು ಊಹಿಸಿಕೊಳ್ಳಿ.

ಲಾಯದ ಮೇಸ್ತ್ರಿ

2022ರಲ್ಲಿ ಪಂಜಾಬಿನ ಸುದ್ದಿ ನೆನಪಿದೆಯಾ? ಒಬ್ಬರು 22 ಲಕ್ಷಕ್ಕೂ ಜಾಸ್ತಿ ಕೊಟ್ಟು ಅಪ್ಪಟ ಕರಿ ಮಾರ್ವಾಡಿ ಗಂಡು ಕುದುರೆ ಕೊಂಡರು. ಮನೆಗೆ ತಂದು ಸ್ನಾನ ಮಾಡಿಸಿದರೆ ಕಪ್ಪೆಲ್ಲ ನೀರಲ್ಲಿ ಇಳಿದು ಹೋಯಿತು, ಒಳಗೆ ಕೆಂಪು ಕುದುರೆ. ಜಾತ್ರೆಯಲ್ಲಿ ಕರಿ ಕುದುರೆ ಕೊಳ್ಳುವವರು ಒದ್ದೆ ಬಿಳಿ ಬಟ್ಟೆಯಲ್ಲಿ ಕುತ್ತಿಗೆ ಉಜ್ಜಿ ನೋಡಿ, ಮೂತಿ ಮತ್ತು ಪಕ್ಕೆಯ ಸಂದಿಯಲ್ಲಿ ಕಂದು ಛಾಯೆ ಇದೆಯಾ ನೋಡಿ. ತಮಾಷೆ ಏನೆಂದರೆ, ಹಳೆಯ ಮಾರ್ವಾಡಿ ಸಾಕಣೆಗಾರರಲ್ಲಿ ಪೂರ್ತಿ ಕಪ್ಪು ಅಪಶಕುನ ಅನ್ನುವ ನಂಬಿಕೆ ಇತ್ತು. ಈಗ ಅದಕ್ಕೇ ಲಕ್ಷಗಟ್ಟಲೆ.

ಬ್ಯಾಡಗಿ ಖಾರ

ಅಮೆರಿಕದಲ್ಲಿ ಕುದುರೆಗೆ ಕೆಂಪು ಮೆಣಸಿನಪುಡಿ ತಿನ್ನಿಸಿ ಬಣ್ಣ ಗಾಢ ಮಾಡುತ್ತಾರಂತೆ, ವಿಡಿಯೋದಲ್ಲಿ ನೋಡಿದೆ. ಹಾಗಾದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿ? ಖಾರ ಕಡಿಮೆ, ಬಣ್ಣ ಜಾಸ್ತಿ!

ಧಾರವಾಡದ ಡಾಕ್ಟ್ರಮ್ಮ

ಅಲ್ಲಿ ಹಾಕೋದು ಪ್ಯಾಪ್ರಿಕಾ ಅನ್ನುವ ಖಾರವಿಲ್ಲದ ಮೆಣಸಿನಪುಡಿ. ಕೆಲವರು ಗಾಢವಾಯಿತು ಅನ್ನುತ್ತಾರೆ, ನನಗೆ ನಂಬಿಕೆ ಇಲ್ಲ. ಅದರ ಪ್ಯಾಕೆಟ್ ಜೊತೆ ಖನಿಜವೂ ಇರುತ್ತದೆ, ಹೆಸರು ಮಾತ್ರ ಮೆಣಸಿಗೆ. ಬ್ಯಾಡಗಿಯಲ್ಲಿ ಖಾರ ಕಡಿಮೆ ನಿಜ, ಇಲ್ಲವೇ ಇಲ್ಲ ಅಂತಲ್ಲ. ಸ್ಪರ್ಧೆಗೆ ಹೋಗುವವರಂತೂ ಮುಟ್ಟಲೇಬಾರದು. ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನಿಷೇಧದ ಪಟ್ಟಿಯಲ್ಲಿದೆ. 2008ರ ಒಲಿಂಪಿಕ್ಸ್‌ನಲ್ಲಿ, ಕುದುರೆ ಸ್ಪರ್ಧೆ ಹಾಂಕಾಂಗ್‌ನಲ್ಲಿ ನಡೆದಾಗ, ಅದೇ ಸಿಕ್ಕಿಬಿದ್ದು ಕುದುರೆಗಳು ಹೊರಬಿದ್ದವು. ಬ್ಯಾಡಗಿ ಸಾರಿಗೇ ಇರಲಿ.

ಘಟಪ್ರಭಾ ದಂಡೆ

ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಮೆಹಂದಿ ಕೈಬಿಟ್ಟರು. ನಾಳೆಯಿಂದ ಸವಾರಿ ಆದ ಮೇಲೆ ತೊಳೆಯೋದು ಶುರು. ಚಪ್ಪರಕ್ಕೆ ತಗಡು ಇದೆ, ಸಾಕಾ? ಇನ್ನೊಂದು, ಈಗ ಖನಿಜ ಶುರು ಮಾಡಿದರೆ ಎಷ್ಟು ದಿನಕ್ಕೆ ಕಪ್ಪಾಗುತ್ತದೆ?

ಲಾಯದ ಮೇಸ್ತ್ರಿ

ಬರೀ ತಗಡು ಮಧ್ಯಾಹ್ನ ಕಾವಲಿ. ಅದರ ಮೇಲೆ ಕಬ್ಬಿನ ಒಣ ರವದಿ ದಪ್ಪಗೆ ಹೊದಿಸಿ, ನಿಮ್ಮಲ್ಲಿ ಅದಕ್ಕೇನು ಬರ. ಎತ್ತರ ಹತ್ತು, ಹನ್ನೆರಡು ಅಡಿ ಇರಲಿ, ಗಾಳಿ ಆಡಬೇಕು. ಪಡುವಣ ಬದಿಗೆ ನರ್ಸರಿಯವರು ಬಳಸುವ ಹಸಿರು ನೆಟ್ ಇಳಿಬಿಡಿ, ಶೇ. 75 ನೆರಳು ಕೊಡುವಂಥದ್ದು ಸಾಕು. ಇಳಿಬಿಸಿಲು ಪಕ್ಕೆಗೆ ಹೊಡೆಯೋದು ನಿಲ್ಲುತ್ತದೆ. ಸವಾರಿ ಎಂಟರೊಳಗೆ ಮುಗಿಸಿ. ರಾತ್ರಿ ಬೇಲಿಯೊಳಗೆ ಬಿಚ್ಚಿ ಬಿಡಿ. ನಾಯಿ ಕಾಟ ಇದ್ದರೆ ಬೇಲಿ ಗಟ್ಟಿ ಮಾಡಿಕೊಳ್ಳಿ.

ಧಾರವಾಡದ ಡಾಕ್ಟ್ರಮ್ಮ

ಕೂದಲು ಚರ್ಮದಿಂದ ಹೊರಬಂದ ಮೇಲೆ ಅದು ಸತ್ತ ವಸ್ತು. ಕೆಂಪಾದ ತುದಿ ಮತ್ತೆ ಕಪ್ಪಾಗೋದಿಲ್ಲ, ಯಾರು ಏನೇ ಮಾರಿದರೂ. ನೀವು ಈಗ ಕೊಡುವ ತಾಮ್ರ, ಜಿಂಕ್ ಮುಂದಿನ ಕೂದಲಿಗೆ. ಜೂನ್ ಕೊನೆಗೆ ಹಗಲು ಕುಗ್ಗಲು ಶುರುವಾದ ಮೇಲೆ ಮೈ ಹೊಸ ಕೂದಲಿಗೆ ಸಿದ್ಧವಾಗುತ್ತದೆ. ನಿಮ್ಮ ಕಡೆ ಅದು ಮೇಲೆ ಕಾಣೋದು ಗಣೇಶ ಚೌತಿಯಿಂದ ದಸರಾ ಒಳಗೆ. ಆ ಕೂದಲು ಬರುವ ಮೊದಲೇ ಖನಿಜ ಮೈಗೆ ಹತ್ತಿರಬೇಕು, ಅದಕ್ಕೇ ಈಗಲೇ ಶುರು ಮಾಡಿ ಅನ್ನೋದು. ನೆರಳಿನ ವ್ಯವಸ್ಥೆಯೂ ಹೊಸ ಕೂದಲು ಬರುವ ಹೊತ್ತಿಗೆ ಸಿದ್ಧ ಇರಲಿ, ಅಕ್ಟೋಬರ್ ಬಿಸಿಲೂ ಕಡಿಮೆ ಇರೋದಿಲ್ಲ.

ಮತ್ತೆ, ಎಲ್ಲ ಮಾಡಿದರೂ ಸ್ವಲ್ಪ ಕೆಂಪಾಗುವ ಕರಿ ಕುದುರೆಗಳಿವೆ. ಒಂದೇ ಲಾಯ, ಒಂದೇ ಮೇವು, ಒಂದು ಮಾಸುತ್ತದೆ, ಇನ್ನೊಂದು ಮಾಸೋದಿಲ್ಲ. ಅದು ರಕ್ತದಲ್ಲೇ ಬಂದದ್ದು. ಕಸ್ತೂರಿ ಯಾವ ಥರ ಅಂತ ಮುಂದಿನ ಬೇಸಿಗೆಗೆ ಗೊತ್ತಾಗುತ್ತದೆ.

ಘಟಪ್ರಭಾ ದಂಡೆ

ಸರಿ ಮೇಡಂ. ಕೊನೆ ಪ್ರಶ್ನೆ. ಅಯಾಲು, ಬಾಲದ ಕೆಂಪು ತುದಿ ಕತ್ತರಿಸಿ ಬಿಡೋಣ ಅಂತ ಅಪ್ಪ ಕತ್ತರಿ ಹುಡುಕುತ್ತಿದ್ದಾರೆ.

ಧಾರವಾಡದ ಡಾಕ್ಟ್ರಮ್ಮ

ಅಯಾಲಿನ ತುದಿ ಒಂದು ಇಂಚು ತೆಗೆದರೆ ತೊಂದರೆ ಇಲ್ಲ. ಬಾಲ ಮುಟ್ಟಬೇಡಿ ಅಂತ ಹೇಳಿ. ಮಳೆ ಬಿದ್ದರೆ ನೊಣ, ಸೊಳ್ಳೆ ಬರುತ್ತವೆ, ಅವನ್ನು ಓಡಿಸೋಕೆ ಅದಕ್ಕಿರೋದು ಅದೊಂದೇ.